ಶಪಥ ಬೇಡ, ಸಂಕಲ್ಪ ಸಾಕು

ಡಿಸೆಂಬರ್ 31 ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಕೆಲಸ ಕಾಯಂ. ಸಂಜೆ ಆರಕ್ಕೆಲ್ಲ ಒಬ್ಬ ರಿಪೋರ್ಟರ್ ಬ್ರಿಗೇಡ್ ರೋಡಿನಲ್ಲಿ, ಇನ್ನೊಬ್ಬರು ಎಂ.ಜಿ. ರೋಡಿನಲ್ಲಿ ಮೈಕ್ ಹಿಡಿದು ನಿಂತಿರ್ತಾರೆ. ಪೊಲೀಸ್ ಬಂದೋಬಸ್ತ್ ಹೇಗಿದೆ, ಯಾವ ಫ್ಲೈಓವರ್ ಬಂದ್, ಮೆಟ್ರೋ ಎಷ್ಟು ಗಂಟೆವರೆಗೆ ಓಡುತ್ತೆ, ಇಷ್ಟು ಹೇಳಿದ ಮೇಲೆ ಹೇಳೋದಕ್ಕೆ ಇನ್ನೇನೂ ಉಳಿದಿರೋದಿಲ್ಲ. ಗಂಟೆ ಹನ್ನೆರಡಾಗೋದು ಇನ್ನೂ ಬಹಳ ದೂರ. ಆಗ ನಾನು ಸ್ಟುಡಿಯೋದಿಂದ ಹೇಳ್ತೀನಿ, "ಅಲ್ಲಿರೋ ಜನರನ್ನ ಕೇಳಿ, ಹೊಸ ವರ್ಷಕ್ಕೆ ಅವರ ರೆಸಲ್ಯೂಷನ್ ಏನು ಅಂತ."

ಉತ್ತರಗಳು ನಿಮಗೂ ಬಾಯಿಪಾಠ. ಹತ್ತು ಕೆಜಿ ಇಳಿಸ್ತೀನಿ. ಬೆಳಿಗ್ಗೆ ಐದಕ್ಕೆ ಏಳ್ತೀನಿ. ಮೊಬೈಲ್ ಮುಟ್ಟಲ್ಲ. ಸಾಲ ಮಾಡಲ್ಲ. ಸಿಟ್ಟು ಮಾಡ್ಕೊಳ್ಳಲ್ಲ. ಒಂದು ವರ್ಷ ಒಬ್ಬ ಹುಡುಗ ನಮ್ಮ ಮೈಕಿಗೆ ನೇರವಾಗಿ ಹೇಳಿದ: "ಸಾರ್, ಹೋದ ವರ್ಷ ಇದೇ ಜಾಗದಲ್ಲಿ, ನಿಮ್ಮ ಚಾನೆಲ್ಲಿಗೇ, ಸಿಗರೇಟ್ ಬಿಡ್ತೀನಿ ಅಂದಿದ್ದೆ. ಈ ವರ್ಷಾನೂ ಅದನ್ನೇ ಹಾಕ್ಕೊಂಡ್ಬಿಡಿ, ಹೊಸದಾಗಿ ಯಾಕೆ ಶೂಟ್ ಮಾಡ್ತೀರಾ?"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೊಳಗೇ ನನಗೆ ಅಷ್ಟು ನಗು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ನಾನು ರಾತ್ರಿ ಒಂಬತ್ತರ ಡಿಬೇಟ್ ಮಾಡುವವನು. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಐದನೆಯವನಾಗಿ ಅವರಿಗಿಂತ ಜೋರಾಗಿ ಮಾತಾಡಬೇಕು. ಅದು ನನ್ನ ಕೆಲಸ. ಆದರೆ ಕಿವಿಯಿಂದ ಇಯರ್‌ಪೀಸ್ ತೆಗೆದ ಮೇಲೂ ಆ ದನಿ ಇಳೀತಾ ಇರಲಿಲ್ಲ. ಅದೇ ದನಿ ಕಾರಿನಲ್ಲಿ ಕೂತು, ಲಿಫ್ಟ್ ಹತ್ತಿ, ನನ್ನ ಜೊತೆ ಮನೆಗೆ ಬರುತ್ತಿತ್ತು. ಒಂದು ರಾತ್ರಿ ಊಟದ ಮುಂದೆ ಮಗಳನ್ನ ಕೇಳಿದೆ, "ಗಣಿತದ ಟೆಸ್ಟ್ ಪೇಪರ್ ಕೊಟ್ಟಿದ್ದಾರಾ ಇಲ್ಲವಾ? ಹೌದಾ, ಇಲ್ಲವಾ, ಒಂದೇ ಮಾತಿನಲ್ಲಿ ಹೇಳು." ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪ, ಒಂದು ಚಿಕ್ಕ ಬ್ರೇಕ್ ತಗೊಳ್ಳೋಣ್ವಾ?" ಅಂದಳು.

ನನ್ನ ಹೆಂಡತಿ ನಕ್ಕಳು. ಮಗಳು ನಗಲಿಲ್ಲ. ಅವತ್ತು ನನಗೆ ಗೊತ್ತಾಯಿತು, ಈ ಹುಡುಗಿಗೆ ನಾನು ಅಪ್ಪ ಅಲ್ಲ, ಆ್ಯಂಕರ್.

ಆ ಡಿಸೆಂಬರ್ 31ಕ್ಕೆ ನಾನೂ ಶಪಥ ಮಾಡಿದೆ: ಇನ್ನು ಮೇಲೆ ಮನೇಲಿ ಕೂಗೋದೇ ಇಲ್ಲ. ಜನವರಿ ಒಂದು, ಎರಡು, ಮೂರು, ಭೇಷ್. ನಾಲ್ಕನೇ ತಾರೀಕು ವೈಫೈ ಕೈಕೊಟ್ಟಿತು, ನಾನು ಕೂಗಿದೆ. ಐದನೇ ತಾರೀಕು ಇನ್ನೂ ಜೋರಾಗಿ ಕೂಗಿದೆ. ಹೇಗಿದ್ದರೂ ಶಪಥ ಮುರಿದಾಗಿದೆಯಲ್ಲ! ಮುಳುಗಿದವನಿಗೆ ಚಳಿಯೇನು, ಮಳೆಯೇನು?

ಇವತ್ತಿನ ವಿಷಯ ಇದೇ. ನಮ್ಮ ಹೊಸ ವರ್ಷದ ನಿರ್ಧಾರಗಳು ಯಾಕೆ ಸಂಕ್ರಾಂತಿವರೆಗೂ ಬದುಕೋದಿಲ್ಲ? ನಮ್ಮಲ್ಲಿ ಸ್ಮಶಾನ ವೈರಾಗ್ಯ ಅಂತ ಒಂದಿದೆ, ಪ್ರಸವ ವೈರಾಗ್ಯ ಅಂತ ಇನ್ನೊಂದಿದೆ. ಆ ಪಟ್ಟಿಗೆ ಡಿಸೆಂಬರ್ 31ರ ವೈರಾಗ್ಯ ಅಂತ ಮೂರನೆಯದನ್ನೂ ಸೇರಿಸಬೇಕಾ? ಅಥವಾ ಇದನ್ನ ಬೇರೆ ಥರ, ಸ್ವಲ್ಪ ಮೆತ್ತಗೆ, ಮಾಡೋದಕ್ಕೆ ಬರುತ್ತಾ?

ಮೊದಲು ಒಂದು ಮಾತು. ಜನವರಿ ಒಂದು ಅನ್ನೋದು ಆಕಾಶದಿಂದ ಇಳಿದು ಬಂದ ದಿನ ಅಲ್ಲ. ಕ್ರಿಸ್ತಪೂರ್ವ 45ರಲ್ಲಿ ಜೂಲಿಯಸ್ ಸೀಸರನ ಕ್ಯಾಲೆಂಡರ್ ಜಾರಿಗೆ ಬಂತು, ಅದರ ವರ್ಷ ಜನವರಿಯಿಂದ ಶುರು. ಜನವರಿ ಅನ್ನೋ ಹೆಸರು ರೋಮನ್ನರ ಜಾನಸ್ ದೇವರದ್ದು. ಅವನಿಗೆ ಎರಡು ಮುಖ. ಒಂದು ಹಿಂದಕ್ಕೆ ನೋಡುತ್ತೆ, ಇನ್ನೊಂದು ಮುಂದಕ್ಕೆ. ಅಷ್ಟಾದರೂ ಇಂಗ್ಲೆಂಡಿನಲ್ಲೇ 1751ರವರೆಗೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗ್ತಾ ಇದ್ದದ್ದು ಮಾರ್ಚ್ 25ಕ್ಕೆ! ಅಂದಮೇಲೆ ಈ ತಾರೀಕಿಗೆ ಸ್ವಂತ ಶಕ್ತಿ ಏನೂ ಇಲ್ಲ, ನಾವು ಕೊಟ್ಟಷ್ಟೇ.

ಆದರೆ ನಾವು ಕೊಡೋ ಆ ಶಕ್ತಿ ಸುಳ್ಳಲ್ಲ. 2014ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆಂಗ್‌ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಒಂದು ಅಧ್ಯಯನ ಪ್ರಕಟಿಸಿದರು. ಜನ ಜಿಮ್ಮಿಗೆ ಯಾವಾಗ ಜಾಸ್ತಿ ಹೋಗ್ತಾರೆ, ಡಯಟ್ ಬಗ್ಗೆ ಗೂಗಲ್‌ನಲ್ಲಿ ಯಾವಾಗ ಜಾಸ್ತಿ ಹುಡುಕ್ತಾರೆ ಅಂತ ಲೆಕ್ಕ ಹಾಕಿದರು. ವರ್ಷದ ಶುರುವಿನಲ್ಲಿ ಜಾಸ್ತಿ, ಸರಿ. ಆದರೆ ತಿಂಗಳ ಶುರುವಿನಲ್ಲೂ, ವಾರದ ಶುರುವಿನಲ್ಲೂ ಜಾಸ್ತಿ! "ಹಳೇ ನಾನು ಅಲ್ಲಿಗೆ ಮುಗಿದೆ, ಇಲ್ಲಿಂದ ಹೊಸ ನಾನು" ಅನ್ನಿಸೋ ಯಾವ ಗೆರೆಯಾದರೂ ಸಾಕು, ಮನಸ್ಸು ಎದ್ದು ಕೂರುತ್ತೆ.

ಹಾಗೆ ನೋಡಿದರೆ ನಮ್ಮಷ್ಟು ಅದೃಷ್ಟವಂತರು ಯಾರಿದ್ದಾರೆ ಹೇಳಿ? ಜನವರಿ ಒಂದು ತಪ್ಪಿತಾ, ಎರಡೇ ವಾರಕ್ಕೆ ಸಂಕ್ರಾಂತಿ. ಅದೂ ತಪ್ಪಿತಾ, ಯುಗಾದಿ. ಆಮೇಲೆ ಏಪ್ರಿಲ್ ಒಂದಕ್ಕೆ ಲೆಕ್ಕಪತ್ರದವರ ಹೊಸ ವರ್ಷ, ಜೂನ್‌ಗೆ ಶಾಲೆಯ ಹೊಸ ವರ್ಷ. ಇಷ್ಟೂ ತಪ್ಪಿದರೆ ಸೋಮವಾರ ಎಲ್ಲಿಗೆ ಹೋಗುತ್ತೆ? ವಾರ ವಾರವೂ ಬರುತ್ತೆ.

ಈಗ ಸೋಲಿನ ಲೆಕ್ಕಕ್ಕೆ ಬರೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಹೊಸ ವರ್ಷದ ನಿರ್ಧಾರ ಮಾಡಿದ 200 ಜನರನ್ನ ಎರಡು ವರ್ಷ ಹಿಂಬಾಲಿಸಿ ನೋಡಿದರು. ಒಂದು ವಾರ ಉಳಿಸಿಕೊಂಡವರು ನೂರಕ್ಕೆ 77. ಎರಡು ವರ್ಷದ ಕೊನೆಗೆ ಉಳಿದವರು ನೂರಕ್ಕೆ 19. ಇದಕ್ಕೇ ನಮ್ಮ ಹಿರಿಯರು ಆರಂಭಶೂರತನ ಅಂದಿದ್ದು.

ಹಾಗಾದ್ರೆ ನಿರ್ಧಾರ ಮಾಡೋದೇ ದಂಡವಾ? ಅಲ್ಲ. ಅದೇ ನಾರ್‌ಕ್ರಾಸ್ 2002ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಇಬ್ಬರಿಗೂ ಬದಲಾಗೋ ಆಸೆ ಇದೆ. ಒಬ್ಬರು ಹೊಸ ವರ್ಷಕ್ಕೆ ನಿರ್ಧಾರ ಮಾಡಿದವರು, ಇನ್ನೊಬ್ಬರು "ಮುಂದೆ ಯಾವಾಗಾದ್ರೂ ನೋಡೋಣ" ಅಂದವರು. ಆರು ತಿಂಗಳಾದ ಮೇಲೆ ನಿರ್ಧಾರ ಮಾಡಿದವರಲ್ಲಿ ನೂರಕ್ಕೆ 46 ಜನ ಗೆದ್ದಿದ್ದರು. ನೋಡೋಣ ಅಂದವರಲ್ಲಿ ನೂರಕ್ಕೆ 4 ಜನ. ಅಂದ್ರೆ ಹೆಜ್ಜೆ ಇಡೋದರಲ್ಲಿ ತಪ್ಪಿಲ್ಲ, ಇಡೋ ರೀತಿಯಲ್ಲಿ ಏನೋ ಎಡವಟ್ಟಿದೆ.

ಎಡವಟ್ಟು ಎಲ್ಲಿ? ನನಗೆ ಕಂಡದ್ದು ಮೂರು ಕಡೆ.

ಒಂದು, ನಮ್ಮ ನಿರ್ಧಾರಗಳೆಲ್ಲ "ಇಲ್ಲ" ಅನ್ನೋದರಲ್ಲಿ ಮುಗಿಯುತ್ತವೆ. ತಿನ್ನಲ್ಲ, ಕುಡಿಯಲ್ಲ, ನೋಡಲ್ಲ, ಕೂಗಲ್ಲ. ಸ್ವೀಡನ್ನಿನಲ್ಲಿ 1,066 ಜನರ ಹೊಸ ವರ್ಷದ ನಿರ್ಧಾರಗಳನ್ನ ಒಂದು ವರ್ಷ ಗಮನಿಸಿದರು, 2020ರಲ್ಲಿ ಪ್ರಕಟಿಸಿದರು. "ಇಂಥದ್ದನ್ನ ಮಾಡ್ತೀನಿ" ಅಂದವರಲ್ಲಿ ನೂರಕ್ಕೆ 58.9 ಜನ ತಾವು ಗೆದ್ದಿದ್ದೇವೆ ಅಂದರು. "ಇಂಥದ್ದನ್ನ ಬಿಡ್ತೀನಿ" ಅಂದವರಲ್ಲಿ 47.1. ಯಾಕೆ ಅಂತ ಯೋಚನೆ ಮಾಡಿ. ಸಿಹಿ ತಿನ್ನಲ್ಲ ಅಂತ ಕೂತರೆ ತಲೆ ತುಂಬ ಮೈಸೂರು ಪಾಕೇ ಓಡಾಡುತ್ತೆ. ಊಟ ಆದ ಮೇಲೆ ಒಂದು ಬಾಳೆಹಣ್ಣು ತಿಂತೀನಿ ಅಂದರೆ ಕೈಗೆ ಒಂದು ಕೆಲಸ ಸಿಗುತ್ತೆ.

ಎರಡು, ನಾವು ಸೋಲಿಗೆ ಜಾಗ ಬಿಟ್ಟಿರೋದಿಲ್ಲ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಇಬ್ಬರು ಸಂಶೋಧಕರು ಒಂದು ಮಜವಾದ ಪ್ರಯೋಗ ಮಾಡಿದರು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟು ರುಚಿ ನೋಡಿ ಹೇಳಿ ಅಂದರು. ಮಾಮೂಲಿ ಜನ ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ಆದರೆ ಯಾವಾಗಲೂ ಡಯಟ್ ಅಂತ ಬಾಯಿ ಕಟ್ಟಿಕೊಂಡಿದ್ದವರು? ಮಿಲ್ಕ್‌ಶೇಕ್ ಕುಡಿದ ಮೇಲೆ ಅವರು ಐಸ್‌ಕ್ರೀಮ್ ಜಾಸ್ತಿ ತಿಂದರು! "ಹೇಗೂ ಡಯಟ್ ಕೆಟ್ಟಿತು, ಹಾಳಾಗ್ಹೋಗ್ಲಿ ಬಿಡು" ಅಂತ. ನಾಲ್ಕನೇ ತಾರೀಕು ಮುರಿದ ನನ್ನ ಶಪಥ, ಐದನೇ ತಾರೀಕಿನ ನನ್ನ ಕೂಗಾಟ, ಇದೇ ಅಲ್ವಾ? ನನ್ನನ್ನ ಹಾಳು ಮಾಡಿದ್ದು ನಾಲ್ಕನೇ ತಾರೀಕಿನ ತಪ್ಪಲ್ಲ. ಐದನೇ ತಾರೀಕಿನ ಆ "ಹಾಳಾಗ್ಹೋಗ್ಲಿ ಬಿಡು."

ಮೂರು, ನಮಗೆ ಎಲ್ಲವೂ ಬೇಗ ಆಗಬೇಕು. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬೇಕು. ಅದರ ಮೂಲ ಎಲ್ಲಿ ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ತಮ್ಮ ರೋಗಿಗಳು ಬದಲಾದ ಮುಖಕ್ಕೆ ಒಗ್ಗಿಕೊಳ್ಳೋದಕ್ಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕಾಗುತ್ತೆ ಅಂತ 1960ರಲ್ಲಿ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆ ಅಂದ್ರೂ" ಬಿದ್ದುಹೋಯಿತು, 21 ಉಳಿಯಿತು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಜೊತೆಗಾರರು 96 ಜನರನ್ನ ತಗೊಂಡು 12 ವಾರ ನಿಜವಾಗಿ ಅಳೆದು ನೋಡಿದರು. ತಿಂಡಿ ಆದ ಮೇಲೆ ಒಂದು ಲೋಟ ನೀರು ಕುಡಿಯೋ ಥರದ ಸಣ್ಣ ಸಣ್ಣ ಕೆಲಸಗಳು. ಅಭ್ಯಾಸ ಕೈಗೆ ಹತ್ತೋದಕ್ಕೆ ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನದ ಅಂದಾಜು. ಒಬ್ಬೊಬ್ಬರದ್ದು ಒಂದೊಂದು ವೇಗ. ಇದೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿಸಿದರೂ ಅಭ್ಯಾಸ ಕೂಡೋದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ನಾಲ್ಕನೇ ತಾರೀಕು ನನಗೆ ಇದು ಗೊತ್ತಿದ್ದಿದ್ದರೆ!

ಹಾಗಾದ್ರೆ ಏನು ಮಾಡೋದು? ಇಲ್ಲಿ ನನಗೆ ನಮ್ಮ ಮನೆಯ ಒಂದು ಹಳೇ ಪದ ನೆನಪಾಗುತ್ತೆ. ಸಂಕಲ್ಪ.

ನಾವು ರೆಸಲ್ಯೂಷನ್ನಿಗೆ ಕನ್ನಡದಲ್ಲಿ ಸಂಕಲ್ಪ ಅಂತೀವಿ, ಆದರೆ ಮಾಡೋದು ಶಪಥವನ್ನ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಶಪಥ ಅಂದ್ರೆ ಭೀಷ್ಮನ ಪ್ರತಿಜ್ಞೆ. ಪ್ರಾಣ ಹೋದರೂ ಅಕ್ಷರ ಬದಲಾಗಬಾರದು. ಭೀಷ್ಮ ಉಳಿಸಿಕೊಂಡ, ಹೌದು. ಆದರೆ ಯಾವ ವಂಶಕ್ಕಾಗಿ ಉಳಿಸಿಕೊಂಡನೋ ಆ ವಂಶದ ಗತಿ ಏನಾಯಿತು ಅನ್ನೋದು ನಿಮಗೆ ಗೊತ್ತು.

ಸಂಕಲ್ಪ ಹಾಗಲ್ಲ. ಮನೆಯಲ್ಲಿ ಪೂಜೆ ಮಾಡಿಸಿದವರು ನೆನಪು ಮಾಡಿಕೊಳ್ಳಿ. ಪುರೋಹಿತರು ಮೊದಲು ಏನು ಹೇಳಿಸ್ತಾರೆ? ಈ ದೇಶದಲ್ಲಿ, ಈ ನದಿಯ ಈ ದಡದಲ್ಲಿ, ಈ ಸಂವತ್ಸರ, ಈ ಅಯನ, ಈ ಋತು, ಈ ಮಾಸ, ಈ ಪಕ್ಷ, ಈ ತಿಥಿ, ಈ ವಾರ. ಆಮೇಲೆ ಯಾರು ಮಾಡ್ತಿದ್ದೀರಿ, ನಿಮ್ಮ ಗೋತ್ರ, ನಿಮ್ಮ ಹೆಸರು. ಆಮೇಲೆ ಏನು ಮಾಡ್ತಿದ್ದೀರಿ. ಎಲ್ಲಿ, ಯಾವಾಗ, ಯಾರು, ಏನು, ಎಲ್ಲವೂ ಖಚಿತ! ನಮ್ಮ ರಿಪೋರ್ಟರ್‌ಗಳಿಗೆ ಮೊದಲ ದಿನ ಕಲಿಸೋದೂ ಇದನ್ನೇ. ಅದರ ಜೊತೆ ಒಂದು ಪುಟ್ಟ ಪದ ಬರುತ್ತೆ: ಯಥಾಶಕ್ತಿ. ನನ್ನ ಕೈಲಿ ಆದಷ್ಟು ಅಂತ. ಪೂಜೆ ಮುಗಿದ ಮೇಲೆ ಕೊನೆಯಲ್ಲಿ ಕ್ಷಮಾಪಣೆ: ಲೋಪ ಆಗಿದ್ದರೆ ಮನ್ನಿಸು. ಅಂದ್ರೆ ಲೋಪ ಆಗುತ್ತೆ ಅನ್ನೋದನ್ನ ಮೊದಲೇ ಒಪ್ಪಿಕೊಂಡು, ಅದಕ್ಕೂ ಒಂದು ಜಾಗ ಇಟ್ಟಿದ್ದಾರೆ.

ನೀವು ದೇವರನ್ನ ನಂಬಿ, ಬಿಡಿ, ಅದು ನಿಮ್ಮ ವಿಷಯ. ನಾನು ಹೇಳ್ತಿರೋದು ಆ ಕಟ್ಟಡದ ಬಗ್ಗೆ. ಯಾಕಂದ್ರೆ ಇವತ್ತಿನ ಮನಶ್ಶಾಸ್ತ್ರ ಬಂದು ನಿಂತಿರೋದೂ ಹೆಚ್ಚುಕಡಿಮೆ ಅಲ್ಲಿಗೇ. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಒಂದು ಹೆಸರಾಂತ ಲೇಖನದ ಸಾರ ಇಷ್ಟೇ: "ವ್ಯಾಯಾಮ ಮಾಡ್ತೀನಿ" ಅಂದುಕೊಂಡರೆ ಸಾಲದು. "ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ, ಇಂಥದ್ದು ಮಾಡ್ತೀನಿ" ಅಂತ ಮೊದಲೇ ಗಂಟು ಹಾಕಿಟ್ಟರೆ, ಆ ಹೊತ್ತು ಬಂದಾಗ ಅದೇ ನಮ್ಮನ್ನ ಎಬ್ಬಿಸುತ್ತೆ. ಇದು ಸಂಕಲ್ಪದ ಮೊದಲ ಭಾಗ.

ಕೊನೆಯ ಭಾಗ, ಕ್ಷಮಾಪಣೆ? ಅದಕ್ಕೂ ಸಾಕ್ಷಿ ಇದೆ. ಕೆನಡಾದ ಒಂದು ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದೋದನ್ನ ಮುಂದಕ್ಕೆ ಹಾಕಿ ಹಾಕಿ ಕೆಟ್ಟವರಲ್ಲಿ, ತಮ್ಮನ್ನ ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಓದೋದನ್ನ ಅಷ್ಟು ಮುಂದಕ್ಕೆ ಹಾಕಲಿಲ್ಲ. ನಾವು ತಿಳಿದುಕೊಂಡಿರೋದು ಉಲ್ಟಾ. ನಮ್ಮನ್ನ ನಾವೇ ಬೈದುಕೊಂಡರೆ ಸುಧಾರಿಸ್ತೀವಿ ಅಂತ. ಬೈಸಿಕೊಂಡ ಮನಸ್ಸು ಆ ಕೆಲಸದ ಹತ್ತಿರ ಹೋಗೋದಕ್ಕೇ ಹೆದರುತ್ತೆ.

ಈಗ ನನ್ನ ಕಥೆಗೆ ವಾಪಸ್. ಅದರ ಮುಂದಿನ ವರ್ಷ ನಾನು "ಕೂಗಲ್ಲ" ಅನ್ನಲಿಲ್ಲ. ಒಂದೇ ಒಂದು ಸಣ್ಣ ಕೆಲಸ ಇಟ್ಟುಕೊಂಡೆ. ರಾತ್ರಿ ಮನೆಗೆ ಬಂದು, ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಮೇಲೆ, ಫೋನ್ ಡ್ಯಾಶ್‌ಬೋರ್ಡಿನ ಮೇಲೆ ಬೋರಲು ಹಾಕಿ, ಐದು ನಿಮಿಷ ಸುಮ್ಮನೆ ಕೂರೋದು. ಆಮೇಲೆ ಲಿಫ್ಟ್. ಅಷ್ಟೇ. ಧ್ಯಾನ ಅಲ್ಲ, ಪ್ರಾಣಾಯಾಮ ಅಲ್ಲ. ಮೊದಲ ವಾರ ವಾಚ್‌ಮನ್ ಬಂದು ಗಾಜು ತಟ್ಟಿ, "ಸಾರ್, ಹುಷಾರಾಗಿದ್ದೀರಾ?" ಅಂತ ಕೇಳಿದ್ದ.

ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯೋ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಕೂತ ದಿನ ಅದರಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಡ್ತಿದ್ದೆ. ಕೂರದ ದಿನ ಏನೂ ಇಲ್ಲ. ಗುಣಾಕಾರ ಚಿಹ್ನೆ ಹಾಕಬಾರದು ಅಂತ ನಾನೇ ಮಾಡಿಕೊಂಡ ನಿಯಮ. ಯಾಕಂದ್ರೆ ನಾಲ್ಕು ಗುಣಾಕಾರ ಸಾಲಾಗಿ ಕಂಡರೆ ಐದನೇದು ತಾನಾಗೇ ಬೀಳುತ್ತೆ. ಖಾಲಿ ಮನೆ ಬರೀ ಖಾಲಿ, ಅದು ಬೈಯೋದಿಲ್ಲ.

ಚುನಾವಣೆ ಬಂದ ತಿಂಗಳು ಚುಕ್ಕೆಗಳೇ ಇರಲಿಲ್ಲ. ಆ ತಿಂಗಳು ಮನೆಗೆ ಬರ್ತಿದ್ದದ್ದೇ ರಾತ್ರಿ ಒಂದಕ್ಕೆ, ಬಂದವನು ಹಳೇ ದನಿಯಲ್ಲೇ ಬರ್ತಿದ್ದೆ. ಆದರೆ ಮುಂದಿನ ತಿಂಗಳು ಮತ್ತೆ ಚುಕ್ಕೆ ಶುರುವಾಯಿತು. ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಇದ್ದ ವ್ಯತ್ಯಾಸ ಅದೊಂದೇ, ಮತ್ತೆ ಶುರುವಾದದ್ದು.

ಡಿಸೆಂಬರ್ ಕೊನೆಗೆ ನನ್ನ ಹೆಂಡತಿ ಹಾಲಿನ ಲೆಕ್ಕದ ಜೊತೆ ಚುಕ್ಕೆಗಳನ್ನೂ ಎಣಿಸಿದಳು. 365 ದಿನಕ್ಕೆ 203. ನೂರಕ್ಕೆ 55ರ ಮೇಲೆ. "ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಸೆಕೆಂಡ್ ಕ್ಲಾಸು," ಅಂದಳು. ನಾನು ಮನೇಲಿ ಕೂಗೋದು ನಿಂತಿದೆಯಾ? ಇಲ್ಲ. ಕಡಿಮೆಯಾಗಿದೆ. ಮಗಳು ಟೆಸ್ಟ್ ಪೇಪರನ್ನ ನಾನು ಕೇಳದೇ ಒಂದೆರಡು ಸಲ ತಂದು ತೋರಿಸಿದ್ದಾಳೆ. ಮಾರ್ಕ್ಸ್ ಕಡಿಮೆ ಬಂದಿದ್ದ ಪೇಪರನ್ನೂ ಕೂಡ. ನನಗೆ ಅಷ್ಟು ಸಾಕು.

ನಿಮಗೆ ಹೇಳೋದೂ ಇಷ್ಟೇ. ಒಂದನ್ನೇ ಇಟ್ಟುಕೊಳ್ಳಿ, ಐದು ಬೇಡ. "ಬಿಡ್ತೀನಿ" ಬದಲು "ಮಾಡ್ತೀನಿ" ಅನ್ನಿ. ಈಗಾಗಲೇ ದಿನಾ ನಡೆಯೋ ಒಂದು ಕೆಲಸಕ್ಕೆ ಅದನ್ನ ಗಂಟು ಹಾಕಿ: ಕಾಫಿ ಕುಡಿದ ಮೇಲೆ, ಗಾಡಿ ನಿಲ್ಲಿಸಿದ ಮೇಲೆ, ಮಕ್ಕಳನ್ನ ಸ್ಕೂಲ್ ಬಸ್ಸಿಗೆ ಹತ್ತಿಸಿದ ಮೇಲೆ. ನಿಮ್ಮ ಕೆಟ್ಟ ದಿನದಲ್ಲೂ ಆಗುವಷ್ಟು ಸಣ್ಣದಾಗಿರಲಿ. ಅರ್ಧ ಗಂಟೆ ವಾಕಿಂಗ್ ಬೇಡ, ಚಪ್ಪಲಿ ಹಾಕಿಕೊಂಡು ಗಲ್ಲಿ ತುದಿವರೆಗೆ ಸಾಕು. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಊರಲ್ಲಿರೋ ಅಮ್ಮನಿಗೆ ಒಂದು ಫೋನ್. ಸಂಬಳ ಬಂದ ದಿನ ಮೊದಲು ಇನ್ನೂರು ರೂಪಾಯಿ ಪೋಸ್ಟಾಫೀಸಿಗೆ. ತಪ್ಪಿದರೆ ಮರುದಿನ ಮಾಡಿ, ಡಬಲ್ ಮಾಡೋದಕ್ಕೆ ಹೋಗಬೇಡಿ. ಹನಿ ಹನಿ ಕೂಡಿದರೆ ಹಳ್ಳ, ಒಂದು ಹನಿ ಬೀಳದಿದ್ದರೆ ಹಳ್ಳ ಬತ್ತೋದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಮೆತ್ತಗಿನ ಸಂಕಲ್ಪ ಎಲ್ಲಕ್ಕೂ ಮದ್ದಲ್ಲ. ದಿನಾ ಕುಡಿಯುವವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು, ಹೊಸ ವರ್ಷದ ಹುರುಪಿನಲ್ಲಿ ಒಂದೇ ಸಲ ನಿಲ್ಲಿಸೋದಕ್ಕೆ ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಬೇರೆ ವಿಭಾಗ ಇದೆ. ತಂಬಾಕು ಬಿಡುವವರಿಗೆ 1800-11-2356 ಅನ್ನೋ ರಾಷ್ಟ್ರೀಯ ಸಹಾಯವಾಣಿ ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್, 14416. ಇಂಥವರಿಗೆ ಈ ವರ್ಷದ ಸಣ್ಣ ಸಂಕಲ್ಪ ಒಂದೇ ಸಾಕು, ಆ ಒಂದು ಫೋನ್ ಮಾಡೋದು.

ಇನ್ನೊಂದು ಮಾತು ಹೇಳಿ ಮುಗಿಸ್ತೀನಿ. ಜನವರಿ ಒಂದು ಆಗಿ ಎರಡು ವಾರಕ್ಕೆ ಸಂಕ್ರಾಂತಿ ಅಂದೆನಲ್ಲ, ಅವತ್ತು ಎಳ್ಳು ಬೆಲ್ಲ ಬೀರುವಾಗ ನಾವು ಏನು ಹೇಳ್ತೀವಿ? ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ. ಕೆಟ್ಟ ಮಾತು ಆಡಬೇಡಿ ಅಂತ ಹೇಳೋದಿಲ್ಲ ನೋಡಿ. ಮೊದಲು ಬಾಯಿಗೆ ಒಂದು ಚಿಟಿಕೆ ಸಿಹಿ, ಆಮೇಲೆ ಒಂದು ಸಣ್ಣ ಕೆಲಸ. ಅಷ್ಟೆಲ್ಲ ಅಧ್ಯಯನ ಓದಿದ ಮೇಲೆ ನನಗೆ ಇದಕ್ಕಿಂತ ಒಳ್ಳೆ ರೆಸಲ್ಯೂಷನ್ ಸಿಕ್ಕಿಲ್ಲ.

ಆ ಸಿಗರೇಟಿನ ಹುಡುಗ ಈ ಸಲವೂ ಬ್ರಿಗೇಡ್ ರೋಡಿನಲ್ಲಿ ಸಿಕ್ಕರೆ ನಾನು ರೆಸಲ್ಯೂಷನ್ ಏನು ಅಂತ ಕೇಳೋದಿಲ್ಲ. "ನಾಳೆ ಬೆಳಿಗ್ಗೆ ಟೀ ಕುಡಿದ ಮೇಲೆ ಏನು ಮಾಡ್ತೀಯಪ್ಪಾ?" ಅಂತ ಕೇಳ್ತೀನಿ. ನೀವೂ ನಿಮ್ಮನ್ನ ಹಾಗೇ ಕೇಳಿಕೊಳ್ಳಿ, ಸ್ವಲ್ಪ ಮೆತ್ತಗೆ. ಹೊಸ ವರ್ಷ ನಿಮಗೆ ಒಳ್ಳೆಯದಾಗಲಿ.